ಹಗ್ಗ ಎಳೆಯುವ ನಾಯಿಗೆ ಯಾವ ಕಾಲರ್ ಒಳ್ಳೆಯದು, ಅದನ್ನು ಹೇಗೆ ಬಳಸಬೇಕು?

ನಿಮ್ಮಲ್ಲಿ ಹದಿನಾಲ್ಕು ತಿಂಗಳ ಗಂಡು ಲ್ಯಾಬ್ರಡಾರ್ ಇದೆ. ನಡೆದಾಡಲು ಕರೆದೊಯ್ದರೆ ತೋಳು ಕಿತ್ತು ಬರುವಂತೆ ಎಳೆಯುತ್ತದೆ, ಬೇರೆ ನಾಯಿ ಕಂಡೊಡನೆ ಹಿಂಗಾಲುಗಳ ಮೇಲೆ ನಿಂತು ಬೊಗಳುತ್ತದೆ. ಎಳೆದಾಗ ಕೊರಳನ್ನು ಬಿಗಿಯುವ ಸರಪಳಿಯಾದ ಚೋಕ್ ಚೈನ್, ಒಳಬದಿಯಲ್ಲಿ ಲೋಹದ ಮೊನೆಗಳಿರುವ ಪ್ರಾಂಗ್ ಕಾಲರ್, ರಿಮೋಟ್‌ನಿಂದ ಶಾಕ್ ಕೊಡುವ ಕಾಲರ್, ಈ ಮೂರರಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ನೇರವಾಗಿ ಹೇಳುವುದಾದರೆ ಮೂರೂ ಬೇಡ. ಎದೆಯ ಮುಂಭಾಗದಲ್ಲಿ ಕೊಂಡಿಯಿರುವ ಒಂದು ಹಾರ್ನೆಸ್ (ಕೊರಳಿನ ಬದಲು ಎದೆ ಮತ್ತು ಬೆನ್ನನ್ನು ಸುತ್ತುವ ಪಟ್ಟಿ), ನಿಮ್ಮ ದೂರವಾಣಿ ಸಂಖ್ಯೆ ಬರೆದ ಬಿಲ್ಲೆಯನ್ನು ತೂಗುಹಾಕಲು ಅಗಲವಾದ ಒಂದು ಸಾಧಾರಣ ಕೊರಳಪಟ್ಟಿ, ಸುಮಾರು ಎರಡು ಮೀಟರ್ ಉದ್ದದ ಒಂದು ಹಗ್ಗ, ಇಷ್ಟಿದ್ದರೆ ಸಾಕು.

ಉತ್ತರವನ್ನು ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಸಮಾಧಾನವಾಗಲಾರದು. ಪ್ರಾಂಗ್ ಕಾಲರ್ ತೊಡಿಸಿದ ಮೊದಲ ದಿನವೇ ಎಳೆಯುವುದನ್ನು ಬಿಟ್ಟ ನಾಯಿಗಳನ್ನು ನಿಮ್ಮ ಪರಿಚಿತರು ಕಂಡಿದ್ದಾರೆ ಎಂದು ಬರೆದಿದ್ದೀರಿ. ಅವರು ಸುಳ್ಳು ಹೇಳಿಲ್ಲ. ಅಂಥ ನಾಯಿಗಳನ್ನು ನಾನೂ ಕಂಡಿದ್ದೇನೆ. ನೋವು ಒಂದು ವರ್ತನೆಯನ್ನು ತಡೆಯಬಲ್ಲದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ನೋವಾದ ಕ್ಷಣದಲ್ಲಿ ನಾಯಿ ಏನನ್ನು ಕಲಿಯಿತು ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಇದನ್ನು ನಾನು ನನ್ನ ಮೊದಲ ನಾಯಿಯಿಂದಲೇ ತಿಳಿದುಕೊಂಡೆ.

ಅವನ ಹೆಸರು ಕರಿಯ. ಸೈಕಲ್ ಕಂಡರೆ ಮುನ್ನುಗ್ಗುವ ಅಭ್ಯಾಸ ಅವನಿಗಿತ್ತು. ತರಬೇತುದಾರರೊಬ್ಬರ ಮಾತಿನಂತೆ ಚೋಕ್ ಚೈನ್ ತೊಡಿಸಿ, ನುಗ್ಗಿದಾಗಲೆಲ್ಲ ಸರಪಳಿಯನ್ನು ಜಗ್ಗಿ ಬಿಡುತ್ತಿದ್ದೆ. ಮೂರು ವಾರಗಳಲ್ಲಿ ನುಗ್ಗುವುದು ನಿಂತಿತು. ನನಗೆ ಬಹಳ ಸಂತೋಷವಾಗಿತ್ತು. ದೂರದಲ್ಲಿ ಸೈಕಲ್ ಗಂಟೆ ಕೇಳಿಸಿದ ಕೂಡಲೇ ಅವನು ಬಾಯಿ ಮುಚ್ಚಿ, ಕಿವಿಗಳನ್ನು ಹಿಂದಕ್ಕೆ ಒತ್ತಿ, ಮೂಗನ್ನು ನಾಲಿಗೆಯಿಂದ ಸವರಿಕೊಂಡು, ಒಮ್ಮೆ ಉಗುಳು ನುಂಗುತ್ತಿದ್ದುದನ್ನು ನಾನು ನೋಡಿದ್ದೆ, ಆದರೆ ಅದನ್ನು ವಿಧೇಯತೆ ಎಂದುಕೊಂಡಿದ್ದೆ. ಎರಡು ತಿಂಗಳ ನಂತರ, ಸೈಕಲ್ ಹಿಡಿದು ಸುಮ್ಮನೆ ನಿಂತಿದ್ದ ಹುಡುಗನೊಬ್ಬನ ಪ್ಯಾಂಟಿನ ಅಂಚನ್ನು ಅವನು ಒಂದಿಷ್ಟೂ ಗುರುಗುಟ್ಟದೆ ಕಚ್ಚಿ ಹಿಡಿದ. ಹುಡುಗನಿಗೆ ಗಾಯವಾಗಲಿಲ್ಲ ಎಂಬುದಷ್ಟೇ ಪುಣ್ಯ. ಮೊದಲು ಆಟದ ಹುರುಪಿನಿಂದ ಸೈಕಲ್ಲಿನತ್ತ ಓಡುತ್ತಿದ್ದವನು ಈಗ ಅದನ್ನು ಕಂಡು ಹೆದರುತ್ತಿದ್ದ. ನಾನು ‘ನುಗ್ಗಬೇಡ’ ಎಂದು ಹೇಳಿದ್ದು ಅವನಿಗೆ ‘ಸೈಕಲ್ ಬಂದರೆ ಕೊರಳು ನೋಯುತ್ತದೆ’ ಎಂದು ಕೇಳಿಸಿತ್ತು.

ನಿಮ್ಮ ನಾಯಿ ಬೇರೆ ನಾಯಿಯನ್ನು ಕಂಡು ಬೊಗಳುತ್ತದೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಈ ಪ್ರಸಂಗ. ಬೊಗಳುವ ನಾಯಿಗಳಲ್ಲಿ ಕೆಲವು ಹತ್ತಿರ ಹೋಗಿ ಆಡಲಾಗದ ಸಿಟ್ಟಿನಿಂದ ಬೊಗಳುತ್ತವೆ, ಕೆಲವು ಭಯದಿಂದ. ಎರಡರಲ್ಲಿ ಯಾವುದೇ ಆಗಿರಲಿ, ಎದುರಿನ ನಾಯಿಯನ್ನು ದಿಟ್ಟಿಸುತ್ತಿರುವ ಕ್ಷಣದಲ್ಲಿಯೇ ಕೊರಳಿಗೆ ಚುಚ್ಚಿದರೆ ಆ ನೋವು ಎದುರಿನ ನಾಯಿಯ ಲೆಕ್ಕಕ್ಕೆ ಸೇರುವ ಸಂಭವ ಹೆಚ್ಚು. ಜೊತೆಗೆ, ಗುರುಗುಟ್ಟುವುದು ಬೊಗಳುವುದು ಇವೆಲ್ಲ ನಾಯಿ ನಮಗೆ ಕೊಡುವ ಮುನ್ಸೂಚನೆಗಳು; ಅವನ್ನು ಶಿಕ್ಷಿಸಿ ಅಡಗಿಸಿದರೆ ಒಳಗಿನ ಭಾವ ಹಾಗೆಯೇ ಉಳಿದು ಮುನ್ಸೂಚನೆ ಮಾತ್ರ ಇಲ್ಲವಾಗುತ್ತದೆ.

ಇನ್ನು ಕೊರಳಿನ ವಿಷಯ. ನಾಯಿಯ ಕೊರಳಿನ ಸ್ನಾಯುಗಳು ಬಲವಾಗಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆಯಿದೆ. ಸ್ನಾಯು ದಪ್ಪವಿರುವುದು ಮೇಲ್ಭಾಗದಲ್ಲಿ ಮತ್ತು ಪಕ್ಕಗಳಲ್ಲಿ. ಎಳೆದಾಗ ಪಟ್ಟಿ ಒತ್ತುವುದು ಮುಂಭಾಗದಲ್ಲಿ. ಅಲ್ಲಿ ಧ್ವನಿಪೆಟ್ಟಿಗೆ, ಶ್ವಾಸನಾಳ, ಥೈರಾಯ್ಡ್ ಗ್ರಂಥಿ, ತಲೆಯಿಂದ ರಕ್ತವನ್ನು ಹಿಂದಕ್ಕೆ ತರುವ ದೊಡ್ಡ ಅಭಿಧಮನಿಗಳು ಎಲ್ಲವೂ ಚರ್ಮಕ್ಕೆ ಸಮೀಪದಲ್ಲಿಯೇ ಇವೆ. ನಾಯಿ ಕೊರಳಪಟ್ಟಿಗೆ ವಿರುದ್ಧವಾಗಿ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್‌ನಲ್ಲಿ ಎಳೆದಾಗ ಹಾಗೆ ಏರುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಕೊರಳಿನ ಮಾದರಿಯೊಂದರ ಮೇಲೆ ಬಗೆಬಗೆಯ ಕಾಲರ್‌ಗಳನ್ನು ಕಟ್ಟಿ ಒತ್ತಡವನ್ನು ಅಳೆದು, ಜೋರಾಗಿ ಎಳೆದಾಗ ಅಪಾಯವೇ ಇಲ್ಲದ ಕಾಲರ್ ಅವುಗಳಲ್ಲಿ ಒಂದೂ ಇಲ್ಲವೆಂಬ ನಿರ್ಣಯಕ್ಕೆ ಬಂದರು. ಆದ್ದರಿಂದ ಮೆತ್ತನೆಯ ಕೊರಳಪಟ್ಟಿಯೇ ಆದರೂ ಎಳೆಯುವ ನಾಯಿಯ ಹಗ್ಗವನ್ನು ಅದಕ್ಕೆ ಕಟ್ಟಬೇಡಿ. ಪಗ್‌ನಂಥ ಚಪ್ಪಟೆ ಮುಖದ ತಳಿಗಳಿಗೆ, ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚಾಗಿ ಕಾಣುವ ಪೊಮೆರೇನಿಯನ್, ಯಾರ್ಕ್‌ಷೈರ್ ಟೆರಿಯರ್‌ನಂಥ ಪುಟ್ಟ ತಳಿಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಅಂಗಡಿಯಲ್ಲಿ ಕಾಣಸಿಗುವ ಉಳಿದ ಬಗೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮಾರ್ಟಿಂಗೇಲ್ ಕಾಲರ್ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುತ್ತದೆ. ಕೊರಳಿಗಿಂತ ತಲೆ ಚಿಕ್ಕದಾಗಿರುವ ಗ್ರೇಹೌಂಡ್, ಸಲೂಕಿಯಂಥ ಬೇಟೆನಾಯಿಗಳು ಪಟ್ಟಿಯಿಂದ ನುಣುಚಿಕೊಳ್ಳದಿರಲೆಂದು ಅದನ್ನು ಬಳಸುತ್ತಾರೆ, ಮತ್ತು ಆ ಕೆಲಸಕ್ಕೆ ಅದು ಒಳ್ಳೆಯದು. ಹೆಡ್ ಹಾಲ್ಟರ್ ಕುದುರೆಯ ಮುಖಕ್ಕೆ ತೊಡಿಸುವ ಪಟ್ಟಿಯಂತೆ ಮೂತಿಯ ಸುತ್ತ ಬರುತ್ತದೆ; ನಿಮಗಿಂತ ನಾಯಿಯ ಬಲವೇ ಹೆಚ್ಚಾಗಿದ್ದರೆ ಅದು ನೆರವಾಗಬಹುದು. ಆದರೆ ಹಲವು ದಿನ ಮೂತಿಯನ್ನು ಪಟ್ಟಿಯೊಳಗೆ ತಾನಾಗಿ ತೂರಿಸಿದಾಗಲೆಲ್ಲ ತಿನಿಸು ಕೊಟ್ಟು ಒಗ್ಗಿಸದೆ ತೊಡಿಸಿದರೆ ನಾಯಿ ಮುಖವನ್ನು ನೆಲಕ್ಕೆ ಉಜ್ಜಿಕೊಂಡು ಒದ್ದಾಡುತ್ತದೆ. ಹೆಡ್ ಹಾಲ್ಟರ್ ತೊಡಿಸಿರುವಾಗ ಎಂದೂ ಹಗ್ಗವನ್ನು ಜಗ್ಗಬಾರದು, ಅದಕ್ಕೆ ಉದ್ದನೆಯ ಹಗ್ಗವನ್ನು ಕಟ್ಟಲೂಬಾರದು. ಓಡಿದ ನಾಯಿ ಹಗ್ಗದ ತುದಿ ತಲುಪಿದಾಗ ತಲೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಪ್ರಾಂಗ್ ಕಾಲರ್ ತಾಯಿನಾಯಿ ಮರಿಯ ಕೊರಳನ್ನು ಕಚ್ಚಿ ತಿದ್ದುವುದನ್ನು ಹೋಲುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಯಾವ ತಾಯಿನಾಯಿಯೂ ಮರಿಯ ಕೊರಳ ಸುತ್ತ ಎಲ್ಲ ಕಡೆಯಿಂದ ಒಂದೇ ಸಲಕ್ಕೆ ಚಿವುಟುವುದಿಲ್ಲ.

ರಿಮೋಟ್ ಕಾಲರ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಅದನ್ನು ಮಾರುವವರು ‘ಇದು ಶಾಕ್ ಅಲ್ಲ, ಬರೀ ಕಚಗುಳಿ’ ಎನ್ನುತ್ತಾರೆ. ಅದು ಕಚಗುಳಿಯಷ್ಟೇ ಆಗಿದ್ದರೆ ಅಳಿಲಿನ ಬೆನ್ನು ಹತ್ತಿದ ನಾಯಿಯನ್ನು ತಡೆಯಲು ಸಾಧ್ಯವಿರಲಿಲ್ಲ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 63 ನಾಯಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದ್ದರು: ಒಂದಕ್ಕೆ ಈ ಕಾಲರ್‌ನಲ್ಲಿ ನುರಿತ ತರಬೇತುದಾರರು ಅದನ್ನು ಬಳಸಿಯೇ ಕಲಿಸಿದರು, ಇನ್ನೊಂದಕ್ಕೆ ಅವರೇ ಅದನ್ನು ಬಳಸದೆ ಕಲಿಸಿದರು, ಮೂರನೆಯದಕ್ಕೆ ಬಹುಮಾನದ ವಿಧಾನದ ತರಬೇತುದಾರರು ಕಲಿಸಿದರು. ಕರೆದಾಗ ಬರುವ ವಿಷಯದಲ್ಲಿ ಶಾಕ್ ಕಾಲರ್‌ನ ಗುಂಪು ಮೇಲುಗೈ ಸಾಧಿಸಲಿಲ್ಲ. ಆದರೆ ಉದ್ವೇಗದ ಲಕ್ಷಣಗಳು ಆ ಗುಂಪಿನಲ್ಲಿ ಹೆಚ್ಚಾಗಿ ಕಂಡವು. ಅನುಭವವಿಲ್ಲದ ನಮ್ಮಂಥವರಲ್ಲ, ದಿನವೂ ಅದೇ ಕೆಲಸ ಮಾಡುವವರು ಬಳಸಿದಾಗ ಬಂದ ಫಲಿತಾಂಶವಿದು ಎಂಬುದನ್ನು ಗಮನಿಸಿ. ಅದಕ್ಕೂ ಹತ್ತು ವರ್ಷ ಮೊದಲು, 2004ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಕಾವಲು ತರಬೇತಿ ಪಡೆಯುತ್ತಿದ್ದ ಜರ್ಮನ್ ಶೆಫರ್ಡ್ ನಾಯಿಗಳನ್ನು ಗಮನಿಸಿದವರು, ಹಿಂದೆ ಶಾಕ್ ಪಡೆದಿದ್ದ ನಾಯಿಗಳು ಆರಾಮವಾಗಿ ಅಡ್ಡಾಡುವಾಗಲೂ ಒಡೆಯನ ಸಮ್ಮುಖದಲ್ಲಿ ಕುಗ್ಗಿ ನಡೆಯುವುದನ್ನು ದಾಖಲಿಸಿದ್ದಾರೆ. ವೇಲ್ಸ್ 2010ರಲ್ಲಿಯೇ ಈ ಕಾಲರ್‌ಗಳನ್ನು ನಿಷೇಧಿಸಿತು. ನಿಮ್ಮ ಪ್ರದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನು ಕೊಳ್ಳುವ ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ನಿಮ್ಮಲ್ಲಿ ಚೋಕ್ ಚೈನ್ ಈಗಾಗಲೇ ಇದೆ ಎಂದು ಬರೆದಿದ್ದೀರಿ. ಹಾರ್ನೆಸ್ ಬರುವವರೆಗೆ ಅದನ್ನೇ ಬಳಸಬೇಕಾಗಿ ಬಂದರೆ, ಹಗ್ಗದ ಕೊಂಡಿಯನ್ನು ಓಡುವ ಬಳೆಗಷ್ಟೇ ಸಿಕ್ಕಿಸದೆ ಎರಡೂ ಬಳೆಗಳಿಗೆ ಒಟ್ಟಾಗಿ ಸಿಕ್ಕಿಸಿ. ಆಗ ಅದು ಬಿಗಿಯುವುದಿಲ್ಲ. ಹೀಗೆ ಸಿಕ್ಕಿಸಿದಾಗ ತಲೆಯ ಮೇಲಿಂದ ಜಾರಿಬಿಡಬಹುದಾದ್ದರಿಂದ ಬಯಲಿನಲ್ಲಿ ಎಚ್ಚರವಿರಲಿ. ಮನೆಯಲ್ಲಿ ನಾಯಿ ಒಂಟಿಯಾಗಿರುವಾಗ ಚೈನ್ ಅದರ ಕೊರಳಲ್ಲಿ ಖಂಡಿತ ಇರಬಾರದು. ಬಾಗಿಲ ಚಿಲಕಕ್ಕೋ ಇನ್ನೊಂದು ನಾಯಿಯ ಹಲ್ಲಿಗೋ ಅದು ಸಿಕ್ಕಿಕೊಂಡರೆ ಬಿಡಿಸಲು ಯಾರೂ ಇರುವುದಿಲ್ಲ. ಯಾರೋ ಕೊಟ್ಟ ರಿಮೋಟ್ ಕಾಲರ್ ಮನೆಯಲ್ಲಿದ್ದರೆ ಶಾಕ್ ಗುಂಡಿಯನ್ನು ಮರೆತುಬಿಡಿ. ಅದರ ಕಂಪನವನ್ನು ಮಾತ್ರ ‘ಇತ್ತ ನೋಡು, ತಿನಿಸಿದೆ’ ಎಂಬ ಸಂಕೇತವಾಗಿ ಕಲಿಸಬಹುದು. ಕಿವಿ ಕೇಳದ ನಾಯಿಗಳಿಗೆ ಹೀಗೆ ಕಲಿಸುವವರಿದ್ದಾರೆ. ಹಾಗೆ ಬಳಸುವಾಗಲೂ ಅದನ್ನು ಇಡೀ ದಿನ ಕಟ್ಟಿಡಬೇಡಿ. ಲೋಹದ ಮೊನೆಗಳು ಒಂದೇ ಜಾಗದಲ್ಲಿ ಒತ್ತುತ್ತಿದ್ದರೆ ಚರ್ಮ ಕೊಳೆತು ಹುಣ್ಣಾಗುತ್ತದೆ, ಕೂದಲು ದಟ್ಟವಾಗಿರುವ ನಾಯಿಯಲ್ಲಿ ಅದು ವಾಸನೆ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ.

ಈಗ ಕಲಿಸುವ ವಿಧಾನಕ್ಕೆ ಬರೋಣ. ನಾಯಿ ಎಳೆಯುವುದಕ್ಕೆ ಹಟ ಕಾರಣವಲ್ಲ. ಎಳೆದಾಗಲೆಲ್ಲ ನಾವು ಅದರ ಹಿಂದೆ ನಡೆದಿದ್ದೇವೆ, ಬೇಕಾದ ಮರದ ಬುಡಕ್ಕೆ ಅದು ತಲುಪಿದೆ. ಆದ್ದರಿಂದ ಎಳೆದರೆ ಮುಂದೆ ಹೋಗಬಹುದೆಂದು ಅದು ಚೆನ್ನಾಗಿ ಕಲಿತಿದೆ. ಇದನ್ನು ತಿರುಗಿಸಿ ಕಲಿಸಬೇಕು: ಹಗ್ಗ ಸಡಿಲವಿದ್ದರೆ ಮುಂದಕ್ಕೆ ಹೆಜ್ಜೆ, ಬಿಗಿಯಾದರೆ ನಿಲುಗಡೆ.

ಮೊದಲ ಪಾಠ ಮನೆಯೊಳಗೇ ಆಗಲಿ. ಹಾರ್ನೆಸ್ ತೊಡಿಸಿ, ಬಟಾಣಿ ಕಾಳಿನಷ್ಟು ಚಿಕ್ಕದಾಗಿ ತುಂಡರಿಸಿದ, ನಾಯಿಗೆ ನಿಜವಾಗಿ ಇಷ್ಟವಾದ ತಿನಿಸನ್ನು ಎಡಗೈಯಲ್ಲಿಟ್ಟುಕೊಂಡು, ನಾಯಿಯನ್ನು ಎಡಬದಿಗೆ ನಿಲ್ಲಿಸಿಕೊಂಡು ಒಂದು ಹೆಜ್ಜೆ ಇಡಿ. ಅದು ನಿಮ್ಮ ಪಕ್ಕಕ್ಕೆ ಬಂದ ಕ್ಷಣವೇ ‘ಹಾಂ’ ಎಂದೋ ‘ಶಹಬ್ಬಾಸ್’ ಎಂದೋ ಯಾವಾಗಲೂ ಒಂದೇ ಪದವನ್ನು ಹೇಳಿ, ತಿನಿಸನ್ನು ನಿಮ್ಮ ಪ್ಯಾಂಟಿನ ಪಕ್ಕದ ಹೊಲಿಗೆಗೆ ತಾಗಿಸಿ ಹಿಡಿದು ಕೊಡಿ. ತಿನಿಸು ಎಲ್ಲಿ ಸಿಗುತ್ತದೆಯೋ ನಾಯಿ ಅಲ್ಲಿಯೇ ಇರಲು ಬಯಸುತ್ತದೆ; ಕೈಯನ್ನು ಮುಂದೆ ಚಾಚಿ ಕೊಟ್ಟರೆ ಅದು ಮುಂದೆಯೇ ನಡೆಯಲು ಕಲಿಯುತ್ತದೆ. ಹೊಸಬರು ಅತಿ ಹೆಚ್ಚಾಗಿ ಮಾಡುವ ತಪ್ಪು ಇದೇ, ನಾನೂ ಇದನ್ನು ಬಹಳ ದಿನ ಮಾಡಿದ್ದೆ. ಒಂದು ಹೆಜ್ಜೆ ಸರಾಗವಾದ ಮೇಲೆ ಎರಡು, ಆಮೇಲೆ ನಾಲ್ಕು, ಹೀಗೆ ಹೆಚ್ಚಿಸಿ. ಒಂದು ಪಾಠ ಐದು ನಿಮಿಷ ಮೀರಬಾರದು. ಮನೆಯಲ್ಲಿ ಚೆನ್ನಾಗಿ ಬಂದದ್ದು ರಸ್ತೆಯಲ್ಲಿ ಹಾಳಾಗುವುದು ಸಹಜವಾದ್ದರಿಂದ ಹೊರಗೆ ಹೋದಾಗ ಮತ್ತೆ ಒಂದು ಹೆಜ್ಜೆಯಿಂದ ಶುರು ಮಾಡಲು ಬೇಸರಿಸಬೇಡಿ. ಹಗ್ಗ ಬಿಗಿಯಾದರೆ ಮರದಂತೆ ನಿಂತುಬಿಡಿ, ಜಗ್ಗಬೇಡಿ, ಗದರಬೇಡಿ. ಅದು ತಿರುಗಿ ನೋಡಿ ಹಗ್ಗ ಸಡಿಲವಾದ ತಕ್ಷಣ ನಡೆಯಿರಿ. ಮೊದಲ ವಾರ ಹತ್ತು ನಿಮಿಷದಲ್ಲಿ ಮನೆಯ ಗೇಟನ್ನೂ ದಾಟದಿರಬಹುದು.

ಬೇರೆ ನಾಯಿಗಳ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದೂರ. ನಿಮ್ಮ ನಾಯಿ ಇನ್ನೊಂದನ್ನು ನೋಡಿಯೂ ನೀವು ಕೊಟ್ಟ ತಿನಿಸನ್ನು ಮೃದುವಾದ ಬಾಯಿಯಿಂದ ತೆಗೆದುಕೊಳ್ಳಬಲ್ಲಷ್ಟು ದೂರ ಎಷ್ಟೆಂದು ಕಂಡುಕೊಳ್ಳಿ; ಅದು ಮೂವತ್ತು ಮೀಟರ್ ಆಗಿರಬಹುದು, ಎಂಬತ್ತೂ ಆಗಿರಬಹುದು. ಬೆರಳು ಸಮೇತ ಕಿತ್ತುಕೊಳ್ಳುವಂತೆ ತಿನಿಸು ಕಸಿದರೆ ಅಥವಾ ತಿನಿಸನ್ನು ಮೂಸಿಯೂ ನೋಡದಿದ್ದರೆ ನೀವು ತೀರಾ ಹತ್ತಿರದಲ್ಲಿದ್ದೀರಿ ಎಂದರ್ಥ. ಆ ದೂರದಲ್ಲಿ ನಿಂತು, ಇನ್ನೊಂದು ನಾಯಿ ಕಂಡಾಗಲೆಲ್ಲ ತಿನಿಸು, ಅದು ಮರೆಯಾದ ಮೇಲೆ ತಿನಿಸು ಬಂದ್. ಕೆಲವು ದಿನಗಳ ಮೇಲೆ ನಿಮ್ಮ ನಾಯಿ ಬೇರೆ ನಾಯಿಯನ್ನು ಕಂಡು ತಾನಾಗಿಯೇ ನಿಮ್ಮ ಮುಖ ನೋಡುತ್ತದೆ. ಅಲ್ಲಿಂದ ಒಂದೆರಡು ಹೆಜ್ಜೆ ಹತ್ತಿರ ಹೋಗಬಹುದು. ಕರಿಯನ ಸೈಕಲ್ ಭಯವನ್ನು ನಾನು ಹೀಗೆಯೇ ಕಡಿಮೆ ಮಾಡಿದೆ. ಮೂರು ವಾರ ಜಗ್ಗಿ ಹುಟ್ಟಿಸಿದ್ದನ್ನು ಕಳೆಯಲು ಎಂಟು ತಿಂಗಳು ಹಿಡಿಯಿತು.

ಇಷ್ಟಾದ ಮೇಲೂ ಬದಲಾವಣೆ ಕಾಣದಿದ್ದರೆ, ಅಥವಾ ಬೊಗಳುವುದು ಇತ್ತೀಚೆಗೆ ಏಕಾಏಕಿ ಶುರುವಾದದ್ದಾಗಿದ್ದರೆ, ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಸೊಂಟದ ಕೀಲು ನೋವು ಇವು ಶಾಂತ ನಾಯಿಯನ್ನೂ ಸಿಡುಕನ್ನಾಗಿ ಮಾಡುತ್ತವೆ, ಮತ್ತು ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ತೊಂದರೆ ಅಪರೂಪವೇನೂ ಅಲ್ಲ.

ಹಾರ್ನೆಸ್ ಕೊಳ್ಳುವ ಮುನ್ನ ಮುಂಗಾಲುಗಳ ಹಿಂದೆ, ಎದೆ ಅತ್ಯಂತ ಅಗಲವಾಗಿರುವಲ್ಲಿ, ಸುತ್ತಳತೆ ತೆಗೆದುಕೊಳ್ಳಿ. ಎದೆಯ ಮುಂದೆ ಅಡ್ಡಡ್ಡ ಹಾದುಹೋಗಿ ಭುಜದ ಚಲನೆಯನ್ನು ತಡೆಯುವ ಪಟ್ಟಿಗಿಂತ, ಎದೆಮೂಳೆಯ ಮೇಲೆ ಇಂಗ್ಲಿಷ್‌ನ ವೈ ಅಕ್ಷರದ ಆಕಾರದಲ್ಲಿ ಕೂರುವಂಥದ್ದನ್ನು ಆರಿಸಿ. ತೊಡಿಸಿದ ಮೇಲೆ ಪ್ರತಿ ಪಟ್ಟಿಯ ಕೆಳಗೂ ಎರಡು ಬೆರಳು ಚಪ್ಪಟೆಯಾಗಿ ತೂರಬೇಕು, ಮೂರನೆಯದು ತೂರಬಾರದು. ಒಂದು ವಾರದ ಬಳಿಕ ಕಂಕುಳ ಕೆಳಗೆ ಕೂದಲು ಬಿಡಿಸಿ ನೋಡಿ. ಅಲ್ಲಿ ಚರ್ಮ ಕೆಂಪಾಗಿದ್ದರೆ ಪಟ್ಟಿಯನ್ನು ಒಂದು ತೂತು ಸಡಿಲಿಸಿ ಅಥವಾ ಆ ಹಾರ್ನೆಸ್ ಹಿಂತಿರುಗಿಸಿ ಬೇರೆ ಅಳತೆಯದನ್ನು ತನ್ನಿ.