ಉಣಕಲ್ ಕೆರೆಯ ಅಂತರಗಂಗೆ: ತೆಗೆಯಬೇಕೋ, ಬಿಡಬೇಕೋ?

ನೀರಿನ ಮೇಲೆ ತೇಲುವ ಕಳೆ ಅಂತರಗಂಗೆ, ನೈಟ್ರೇಟ್ (ನೀರಲ್ಲಿ ಕರಗಿರುವ ನೈಟ್ರೋಜನ್‌ನ ಒಂದು ರೂಪ) ಹೀರುತ್ತದಲ್ವಾ, ಮತ್ತೆ ಹುಬ್ಬಳ್ಳಿಯ ಉಣಕಲ್ ಕೆರೆಯಿಂದ ಅದನ್ನು ಯಾಕೆ ತೆಗೆಯಬೇಕು ಅಂತ ಕೇಳಿದ್ದೀರಿ. ಹೀರುವುದು ನಿಜ ರೀ. ಆದರೆ ಅಲ್ಲೇ ಸತ್ತು ಕೊಳೆತರೆ ಹೀರಿದ್ದೆಲ್ಲ ವಾಪಸ್ ನೀರಿಗೇ ಸೇರುತ್ತದೆ. ಕಿತ್ತು ದೂರ ಸಾಗಿಸಿದರೆ ಮಾತ್ರ ಲಾಭ.

ನೈಟ್ರೇಟ್ ತೆಗೆಯುವ ದೊಡ್ಡ ಕೆಲಸ ನಡೆಯುವುದು ತಳದ ಕೆಸರಿನಲ್ಲಿ. ಅಲ್ಲಿ ಆಕ್ಸಿಜನ್ ಇರುವುದಿಲ್ಲ. ಹಾಗಾಗಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ಕೊಳೆತ ಎಲೆ, ಬೇರು ಅವುಗಳ ಆಹಾರ. ನೈಟ್ರೇಟ್ ಬಹುಪಾಲು ನೈಟ್ರೋಜನ್ ಅನಿಲವಾಗಿ ಗಾಳಿಗೆ ಹೋಗುತ್ತದೆ. ಗಾಳಿಯಲ್ಲಿ ಹೇಗೂ ಶೇ. 78ರಷ್ಟು ಅದೇ ಇದೆ. (ಸ್ವಲ್ಪ ನೈಟ್ರಸ್ ಆಕ್ಸೈಡೂ ಹೊರಡುತ್ತದೆ, ಅದು ಒಳ್ಳೆಯದಲ್ಲ.) ನೀರು ನಿಧಾನವಾಗಿ ಹರಿದಷ್ಟೂ, ಆಳ ಕಡಿಮೆ ಇದ್ದಷ್ಟೂ ಈ ಕೆಲಸ ಜಾಸ್ತಿ. ಅದಕ್ಕೇ ದಂಡೆಯ ಜೊಂಡು ಕಿತ್ತು ಸುತ್ತಲೂ ಸುಮ್ನೆ ಕಲ್ಲು ಕಟ್ಟಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು. ಗಟಾರದ ನೀರಿನಲ್ಲಿ ನೈಟ್ರೋಜನ್ ಹೆಚ್ಚಾಗಿ ಅಮೋನಿಯಾ ರೂಪದಲ್ಲಿರುತ್ತದೆ. ಅದು ನೈಟ್ರೇಟ್ ಆಗಲು ಮೊದಲು ಆಕ್ಸಿಜನ್ ಬೇಕು. ಅಂತರಗಂಗೆ ಕೆರೆಯನ್ನೆಲ್ಲ ಮುಚ್ಚಿದರೆ ನೀರಿಗೆ ಆಕ್ಸಿಜನ್ ಸಾಲುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ. ನೀರು ಪರೀಕ್ಷೆ ಮಾಡಿಸುವುದಾದರೆ ನೈಟ್ರೇಟ್ ಜೊತೆ ಅಮೋನಿಯಾ ಕೂಡ ನೋಡಲು ಹೇಳಿ.