ಎರಡು ಪುಟ ಹೊಗಳಿಕೆ, ಒಂದು ಸಾಲು ಕದಿರು

ತಾಳವಾಡಿಯಿಂದ ನೀವು ಕಳಿಸಿದ ಹಳೇ ಕಾಲದ ಕದಿರುಗಳ, ಅಂದರೆ ಹತ್ತಿ ನೂಲುವ ಕಡ್ಡಿಗಳ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ‘ನಮ್ಮ ಹಿರಿಯರು ಎಂಥ ಜಾಣರು’ ಎಂಬ ಹೊಗಳಿಕೆ. ತೆಗೆದುಹಾಕಿ. ಕೊಡುಮಣಲ್ ಬರುವುದೇ ಮೂರನೇ ಪುಟದಲ್ಲಿ. ನಿಮ್ಮದೇ ಈರೋಡ್ ಜಿಲ್ಲೆ, ನೊಯ್ಯಲ್ ನದಿಯ ದಂಡೆ. ಅಲ್ಲಿ ಅಗೆದಾಗ ಕದಿರಿಗೆ ಭಾರ ಕೊಟ್ಟು ತಿರುಗಿಸುವ ಸುಟ್ಟ ಮಣ್ಣಿನ ಬಿಲ್ಲೆಗಳು ಸಿಕ್ಕಿವೆ, ಅದೂ ನಡುವಿನ ತೂತಿನಲ್ಲಿ ಕಬ್ಬಿಣದ ಕಡ್ಡಿ ಸಮೇತ. ಇದಕ್ಕಿಂತ ಒಳ್ಳೆ ಆರಂಭ ಬೇಕಾ? ಬರೀ ತೂತಿನ ಬಿಲ್ಲೆ ಸಿಕ್ಕರೆ ಅದು ಮಣಿಯೋ, ಮಕ್ಕಳ ಆಟದ ಗಾಲಿಯೋ ಎಂಬ ಅನುಮಾನ ಇದ್ದೇ ಇರುತ್ತದೆ. ಕಡ್ಡಿಯೂ ಇದ್ದರೆ ಕದಿರು ಎನ್ನಲು ಧೈರ್ಯ ಬರುತ್ತದೆ. ನೀವು ಇದನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ.

ಇನ್ನೊಂದು, ‘ಸಂಗಂ ಕಾಲದಲ್ಲಿ ಮನೆಮನೆಯಲ್ಲೂ ರಾಟೆ ತಿರುಗುತ್ತಿತ್ತು’ ಎಂಬ ಮಾತು ತಪ್ಪು. ಸಂಗಂ ಕಾಲ ಅಂದರೆ ಸುಮಾರು ಎರಡು ಸಾವಿರ ವರ್ಷದ ಹಿಂದಿನ ತಮಿಳು ನಾಡು, ಕೊಡುಮಣಲ್ ಕೂಡ ಆ ಕಾಲದ್ದೇ. ನಮ್ಮ ದೇಶದ ರಾಟೆಗೆ ಚರಿತ್ರೆಕಾರರು ತೋರಿಸುವ ಹಳೆಯ ಸಾಕ್ಷಿ 1350ರ ಸುಮಾರಿನದು, ಬಹಮನಿ ಕಾಲದ ಕವಿ ಇಸಾಮಿಯ ಪಾರಸಿ ಕಾವ್ಯದ್ದು. ಕೊಡುಮಣಲ್‌ನವರು ನೂತದ್ದು ಕೈಗದಿರಿನಲ್ಲಿ.

ನಿಮ್ಮ ಲೇಖನದಲ್ಲಿ ಜೀವ ಇರುವುದು ಐದನೇ ಪುಟದ ಕೊನೇ ಸಾಲಲ್ಲಿ: ‘ಅಟ್ಟದ ಮೇಲಿದ್ದ ಕದಿರಿನಲ್ಲಿ ನಾನೂ ನೂತು ನೋಡಿದೆ, ಎಳೆ ಪದೇ ಪದೇ ಕಡಿಯಿತು.’ ಯಾಕೆ ಕಡಿಯಿತು ಅಂತ ಬರೆಯಬೇಕಿತ್ತಲ್ಲ! ಹತ್ತಿಯ ನಾರು ಗಿಡ್ಡ. ಎಳೆ ತಿರುಚಿಕೊಂಡು ಹುರಿ ಚೆನ್ನಾಗಿ ಬೀಳುವ ಮೊದಲೇ ಕದಿರನ್ನು ಗಾಳಿಯಲ್ಲಿ ತೂಗಬಿಟ್ಟರೆ, ಅದರ ಭಾರವೆಲ್ಲ ಆ ಹಸಿ ಎಳೆಯ ಮೇಲೆ ಬಿದ್ದು, ಕೈಯಲ್ಲಿರುವ ಹಂಜಿಯ (ಹಿಂಜಿದ ಹತ್ತಿಯ ಸುರುಳಿ) ಹತ್ತಿರವೇ ಬಿಟ್ಟುಕೊಳ್ಳುತ್ತದೆ. ಢಾಕಾ ಮಸ್ಲಿನ್ ಎಂಬ ತೀರಾ ತೆಳು ಹತ್ತಿ ಬಟ್ಟೆಗೆ ನೂಲುತ್ತಿದ್ದವರು ಸೂಜಿಯಂಥ ಕದಿರಿನ ತುದಿಯನ್ನು ಚಿಪ್ಪಿನಲ್ಲಿ ಊರಿ ತಿರುಗಿಸುತ್ತಿದ್ದರು, ಅದೂ ಗಾಳಿಯಲ್ಲಿ ತೇವ ಇರುವ ಬೆಳಗಿನ ಹೊತ್ತು. ಭಾರ ಚಿಪ್ಪಿನ ಮೇಲೆ, ಎಳೆಯ ಮೇಲಲ್ಲ.

ಬಿಲ್ಲೆಯೂ ಮಾತಾಡುತ್ತದೆ. ಚಿಕ್ಕದಿದ್ದರೆ ಕದಿರು ಜೋರಾಗಿ ತಿರುಗಿ ಹುರಿ ಜಾಸ್ತಿ ಬೀಳುತ್ತದೆ. ಅಗಲವಿದ್ದರೆ ನಿಧಾನ, ಆದರೆ ಹೆಚ್ಚು ಹೊತ್ತು ತಿರುಗುತ್ತದೆ. ಸಣ್ಣ ನೂಲಿಗೆ ಹಗುರ ಬಿಲ್ಲೆ, ದಪ್ಪ ನೂಲಿಗೆ ಭಾರದ್ದು. ಬಟ್ಟೆಯಂತೂ ಮಣ್ಣಲ್ಲಿ ಕೊಳೆತು ಹೋಗುತ್ತದೆ. ಮೊಹೆಂಜೊದಾರೊದ ಹತ್ತಿ ಬಟ್ಟೆಯ ಚೂರು ಉಳಿದದ್ದು ಬೆಳ್ಳಿ ಪಾತ್ರೆಗೆ ಅಂಟಿಕೊಂಡಿದ್ದರಿಂದ. ಹಾಗಾಗಿ ಎಷ್ಟೋ ಕಡೆ ನೂಲಿನ ಬಗ್ಗೆ ಹೇಳಲು ಈ ಬಿಲ್ಲೆಗಳೇ ಗತಿ. ಹಾಗಂತ ಒಂದು ಬಿಲ್ಲೆ ನೋಡಿ ‘ಹೊಗೆಯಂಥ ತೆಳು ಬಟ್ಟೆ ನೇಯುತ್ತಿದ್ದರು’ ಅನ್ನಬೇಡಿ. ನೂಲುವವರ ಕೈ, ಹತ್ತಿಯ ಗುಣ ಬಿಲ್ಲೆಯಲ್ಲಿ ಕಾಣುವುದಿಲ್ಲ.

ಒಂದು ಮಗ್ಗಕ್ಕೆ ನೂಲು ಒದಗಿಸಲು ಎಷ್ಟೋ ಕೈಗಳು ನೂಲಬೇಕಿತ್ತು, ಅದನ್ನೂ ಸೇರಿಸಿ. ಚೆನ್ನಿಮಲೆ ನೇಕಾರರ ಭಾಗ ಬೇರೆ ಲೇಖನಕ್ಕೆ ಇಡಿ, ಇಲ್ಲಿ ಅಡ್ಡ ಬರುತ್ತದೆ.

ಮತ್ತೆ ಕಳಿಸುವ ಮೊದಲು ಅಟ್ಟದ ಕದಿರನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಬಿಲ್ಲೆಯ ಅಗಲ ಅಳೆಯಿರಿ. ತುದಿಯನ್ನು ಬಟ್ಟಲಲ್ಲಿ ಊರಿ ಇನ್ನೊಮ್ಮೆ ನೂತು ನೋಡಿ. ಆಗಲೂ ಕಡಿದರೆ ಅದನ್ನೇ ಬರೆಯಿರಿ, ಹಾಕುತ್ತೇನೆ.