ಟಿಕ್ ಹಾಕಿದ್ರೂ ಫಾಲ್ಸ್ ಬರ್ತಿದೆ, ಯಾಕೆ?

ಪ್ರಶ್ನೆ: ನನ್ನ ವರ್ಡ್‌ಪ್ರೆಸ್ ಸೈಟಲ್ಲಿ ಪುಸ್ತಕಗಳಿಗೆ ‘ಪ್ರಕಾರ’ ಅಂತ ಒಂದು ಕಸ್ಟಮ್ ಟ್ಯಾಕ್ಸಾನಮಿ (ನಾವೇ ಮಾಡ್ಕೊಳ್ಳೋ ವಿಂಗಡಣೆ) ಮಾಡ್ಕೊಂಡಿದೀನಿ, ಅದ್ರಲ್ಲಿ ಕವನ, ಕಥೆ, ನಾಟಕ ಇವೆ. ಕವನ ಆದ್ರೆ ಮಾತ್ರ ಬೇರೆ ಲೇಔಟ್ ಬರ್ಲಿ ಅಂತ ಸಿಂಗಲ್ ಟೆಂಪ್ಲೇಟಲ್ಲಿ (ಒಂದೊಂದೇ ಪುಸ್ತಕದ ಪುಟ ತೋರಿಸೋ ಫೈಲು) ಈಸ್ ಟ್ಯಾಕ್ಸ್ ಅನ್ನೋ ಫಂಕ್ಷನ್ ಹಾಕ್ದೆ, ಇನ್ ಕ್ಯಾಟಗರಿನೂ ಹಾಕ್ದೆ, ಎರಡೂ ಫಾಲ್ಸ್, ಅಂದ್ರೆ ‘ಇಲ್ಲ’ ಅನ್ನುತ್ತೆ. ಎಡಿಟರಲ್ಲಿ ಟಿಕ್ ಇದ್ದೇ ಇದೆ!

ಉತ್ತರ: ಈಸ್ ಟ್ಯಾಕ್ಸ್‌ಗೆ ನಿಮ್ಮ ಪೋಸ್ಟ್ ಏನು ಅಂತ ಗೊತ್ತೇ ಇಲ್ಲ ಮಾರಾಯ್ರೆ. ಈಗ ತೆರೆದಿರೋ ಪುಟ ಟ್ಯಾಕ್ಸಾನಮಿ ಆರ್ಕೈವಾ (ಒಂದು ಪ್ರಕಾರದ ಪೋಸ್ಟುಗಳ ಪಟ್ಟಿ ಇರೋ ಪುಟ) ಅಂತಷ್ಟೇ ಅದು ನೋಡೋದು, ನೀವಿರೋದು ಸಿಂಗಲ್ ಪುಟದಲ್ಲಿ, ಅಲ್ಲಿ ಅದು ಯಾವತ್ತೂ ಫಾಲ್ಸೇ. ಇನ್ ಕ್ಯಾಟಗರಿ ಮಾಮೂಲಿ ಕ್ಯಾಟಗರಿ ಬಿಟ್ಟು ಬೇರೆ ಕಡೆ ತಲೆ ಹಾಕಲ್ಲ.

ನಿಮಗೆ ಬೇಕಿರೋದು ಹ್ಯಾಸ್ ಟರ್ಮ್, ನಡುವೆ ಅಂಡರ್‌ಸ್ಕೋರ್ ಇರುತ್ತೆ. 2011ರ 3.1 ವರ್ಷನ್‌ನಿಂದ ಇದೆ. ಅದಕ್ಕೆ ಕೊಡೋದು ಮೊದ್ಲು ಟರ್ಮ್ (ಕವನ, ಕಥೆ ಥರದ ಒಂದೊಂದು ವಿಭಾಗ), ಆಮೇಲೆ ಟ್ಯಾಕ್ಸಾನಮಿ, ಕೊನೇಲಿ ಪೋಸ್ಟ್ ಐಡಿ. ಟ್ಯಾಕ್ಸಾನಮಿ ಅಂದ್ರೆ ಮೆನುವಲ್ಲಿ ಕಾಣೋ ಲೇಬಲ್ ಅಲ್ಲ, ರಿಜಿಸ್ಟರ್ ಮಾಡುವಾಗ ಕೊಟ್ಟ ಹೆಸ್ರು, ಅದನ್ನ ಮರೆತ್ರೆ ಎರರೂ ಬರಲ್ಲ ಸುಮ್ನೆ ಫಾಲ್ಸ್ ಕೊಟ್ಟು ಕೂರುತ್ತೆ, ನಾನೂ ಒಂದಿಡೀ ಸಂಜೆ ಹಿಂಗೇ ಕಳ್ಕೊಂಡಿದೀನಿ. ಲೂಪ್ (ಪೋಸ್ಟುಗಳನ್ನ ಒಂದೊಂದಾಗಿ ತೋರಿಸೋ ಕೋಡ್) ಒಳಗಿದ್ರೆ ಐಡಿ ಬೇಡ, ಹೊರಗಿದ್ರೆ ಕೊಟ್ಬಿಡಿ. ಟರ್ಮ್ ಜಾಗ ಖಾಲಿ ಬಿಟ್ರೆ ಆ ಟ್ಯಾಕ್ಸಾನಮಿಯ ಯಾವ್ದಾದ್ರೂ ಒಂದು ಟರ್ಮ್ ಇದ್ಯಾ ಅಂತ ಹೇಳುತ್ತೆ, ಅದೂ ಉಪಯೋಗಕ್ಕೆ ಬರುತ್ತೆ.

ಕವನದ ಕೆಳಗೆ ‘ಚುಟುಕ’ ಅಂತ ಮರಿ ಟರ್ಮ್ ಮಾಡಿ ಬರೀ ಅದಕ್ಕೆ ಟಿಕ್ ಹಾಕಿದ್ರೆ ಕವನಕ್ಕೆ ಟ್ರೂ ಬರಲ್ಲ. ಗೆಟ್ ಟರ್ಮ್ ಚಿಲ್ಡ್ರನ್ ಫಂಕ್ಷನ್‌ನಿಂದ ಮರಿಗಳ ಐಡಿ ತಗೊಂಡು ಅವನ್ನೂ ಸೇರಿಸಿ ಕೇಳಬೇಕು.

ಇನ್ನೊಂದು, ಇದು ನಮ್ಮಂಥವ್ರಿಗೇ ಇರೋ ಕಾಟ. ಸ್ಲಗ್ (ಟರ್ಮ್ ಹೆಸ್ರಿನ ಯುಆರ್‌ಎಲ್ ರೂಪ) ಕನ್ನಡದಲ್ಲೇ ಬಿಟ್ಟಿದ್ರೆ ಡೇಟಾಬೇಸಲ್ಲಿ ಅದು ಶೇಕಡಾ ಚಿಹ್ನೆಗಳ ಸರಮಾಲೆ ಆಗಿ ಕೂತಿರುತ್ತೆ, ‘ಕವನ’ ಅನ್ನೋ ಮೂರಕ್ಷರ ಅಲ್ಲಿ 27 ಕ್ಯಾರೆಕ್ಟರ್. ಕೋಡಲ್ಲಿ ‘ಕವನ’ ಅಂತ ಬರೆದ್ರೂ ನಡೆಯುತ್ತೆ ನಿಜ, ಆದ್ರೆ ಅದು ಹೊಂದೋದು ಟರ್ಮ್‌ನ ಹೆಸ್ರಿಗೆ, ಸ್ಲಗ್‌ಗಲ್ಲ. ನಾಳೆ ಯಾರೋ ಹೆಸ್ರನ್ನ ‘ಕವನಗಳು’ ಅಂತ ತಿದ್ದಿದ್ರೆ ಲೇಔಟ್ ಮಾಯ. ಐಡಿ ಬರೆಯೋಣ ಅಂದ್ರೆ ಟೆಸ್ಟ್ ಸೈಟಲ್ಲಿ ಒಂದು ನಂಬರ್, ಲೈವಲ್ಲಿ ಇನ್ನೊಂದು ಇರಬಹುದು. ಅದಕ್ಕೇ ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೈಯಾರೆ ಟೈಪ್ ಮಾಡಿ ಕೋಡಲ್ಲೂ ಅದನ್ನೇ ಹಾಕಿ, ಹೆಸ್ರು ಕನ್ನಡದಲ್ಲೇ ಇರ್ಲಿ.